ನಾಮದ ಚಿಲುಮೆಯ ಸುತ್ತು

ಅಮೃತೂರು ಕಡೆಯವರಿಗೆ ಶಿಂಷಾ ಎಂದರೆ ಮಾರ್ಕೋನಹಳ್ಳಿ ಜಲಾಶಯ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿದ್ದು. ನೀರು ತುಂಬಿ ಮಟ್ಟ ಮೀರಿದರೆ ಯಾರೂ ಗೇಟು ಎತ್ತಬೇಕಿಲ್ಲ, ಅದರ ಸೈಫನ್‌ಗಳು ಹೆಚ್ಚಾದ ನೀರನ್ನು ತಾವಾಗಿಯೇ ಹೊರಕ್ಕೆ ಸೆಳೆದುಬಿಡುತ್ತವೆ. ಒಳ್ಳೆಯ ಮಳೆಯಾದ ವರ್ಷ ಅದನ್ನು ನೋಡಲೆಂದೇ ನಮ್ಮ ಮನೆಯವರೆಲ್ಲ ಹೋಗುತ್ತಿದ್ದೆವು. ನಾನು ಓಡಲು ಶುರುಮಾಡಿದ್ದು ಆ ಸೀಮೆಯ ನಾಲೆ ಏರಿಗಳ ಮೇಲೆ. ಒಂದು ಮಗ್ಗುಲಿಗೆ ತೆಂಗು, ಅಡಿಕೆ, ಇನ್ನೊಂದು ಮಗ್ಗುಲಿಗೆ ಗದ್ದೆ, ಕಾಲ ಕೆಳಗೆ ಮೆತ್ತನೆಯ ಮಣ್ಣು. ಕೆಲಸದ ಮೇಲೆ ತುಮಕೂರಿಗೆ ಬಂದು ನೆಲೆಸಿದ ಮೇಲೆ ಆ ಮಣ್ಣು ತಪ್ಪಿಹೋಯಿತು. ಡಾಂಬರು ರಸ್ತೆಯಲ್ಲಿ ಕೆಲವು ಕಾಲ ಓಡಿದೆ. ಲಾರಿಗಳ ಹೊಗೆ, ನಾಯಿಗಳ ಕಾಟ, ಸಂಜೆಗೆ ಮೊಣಕಾಲು ನೋವು. ಆಮೇಲೆ ಹುಡುಕಿಕೊಂಡು ಹೋಗಿದ್ದು ದೇವರಾಯನದುರ್ಗದ ಬುಡದ ಕಾಡಿಗೆ.

ನಮ್ಮೂರ ನದಿ ಹುಟ್ಟುವುದು ಅದೇ ಬೆಟ್ಟಸಾಲಿನಲ್ಲಿ. ಬೆಟ್ಟದ ದಕ್ಷಿಣಕ್ಕೆ ಶಿಂಷಾ ಇಳಿದು ಗುಬ್ಬಿ ತಾಲ್ಲೂಕಿನ ಕಡಬದ ಕೆರೆ ತುಂಬಿಸಿ, ಮಾರ್ಕೋನಹಳ್ಳಿಗೆ ಬಂದು, ಮದ್ದೂರು ದಾಟಿ ಕಾವೇರಿ ಸೇರುತ್ತದೆ. ಇದೇ ಬೆಟ್ಟದಲ್ಲಿ ಹುಟ್ಟುವ ಜಯಮಂಗಲಿ ಉತ್ತರಕ್ಕೆ ತಿರುಗಿ, ಕೊರಟಗೆರೆ, ಮಧುಗಿರಿ ತಾಲ್ಲೂಕುಗಳನ್ನು ಹಾದು, ಆಂಧ್ರದ ಕಡೆ ಹೋಗಿ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಸುಮಾರು 1,200 ಮೀಟರ್ ಎತ್ತರದ ಈ ದುರ್ಗದ ಮೇಲೆ ಬಿದ್ದ ಮಳೆ ಬಿದ್ದ ಜಾಗ ನೋಡಿಕೊಂಡು ಇಬ್ಭಾಗವಾಗುತ್ತದೆ. ಬಂಡೆಯ ಒಂದು ಓರೆಗೆ ಬಿದ್ದದ್ದು ನಮ್ಮ ಗದ್ದೆಗೆ, ಇನ್ನೊಂದು ಓರೆಗೆ ಬಿದ್ದದ್ದು ಮಧುಗಿರಿಯವರ ಹೊಲಕ್ಕೆ. ಇದು ತಿಳಿದ ಮೇಲೆ ಆ ಕಾಡಿನಲ್ಲಿ ಓಡುವಾಗ ನನಗೆ ಬೇರೆ ಊರಿಗೆ ಬಂದಿದ್ದೇನೆ ಅನ್ನಿಸಿಲ್ಲ.

ತುಮಕೂರಿನಿಂದ ದುರ್ಗದ ರಸ್ತೆಯಲ್ಲಿ ಹೋದರೆ ಬೆಟ್ಟ ಹತ್ತುವ ಮೊದಲೇ ನಾಮದ ಚಿಲುಮೆ ಸಿಗುತ್ತದೆ. ವನವಾಸದಲ್ಲಿದ್ದ ರಾಮ ಹಣೆಗೆ ನಾಮ ಇಡಲು ನೀರು ಸಿಗದೆ ಬಂಡೆಗೆ ಬಾಣ ಬಿಟ್ಟ, ಅಲ್ಲಿಂದ ಚಿಲುಮೆ ಎದ್ದಿತು ಎನ್ನುವುದು ಸ್ಥಳದ ಕಥೆ. ಬೇಸಿಗೆಯಲ್ಲೂ ಅಲ್ಲಿ ನೀರಿರುತ್ತದೆ. ಅರಣ್ಯ ಇಲಾಖೆಯ ಜಿಂಕೆವನ, ಔಷಧಿ ಗಿಡಗಳ ತೋಟ, ಹಳೆಯ ಅತಿಥಿಗೃಹ ಅಲ್ಲೇ ಇವೆ. ಸುತ್ತ ಒಣ ಎಲೆಯುದುರುವ ಕಾಡು: ದಿಂಡಿಗ, ಕಗ್ಗಲಿ, ಮುತ್ತುಗ, ಕಕ್ಕೆ, ಅಲ್ಲಲ್ಲಿ ಬಿದಿರು, ಎಲ್ಲೆಲ್ಲೂ ಲಂಟಾನ. ಇಲಾಖೆಯ ಜೀಪು ಓಡಾಡುವ ಮಣ್ಣುದಾರಿ ಈ ಮರಗಳ ನಡುವೆ ಬಳಸಿಕೊಂಡು ಹೋಗಿ ಮತ್ತೆ ಹೊರಟ ಕಡೆಗೇ ಬರುತ್ತದೆ. ಒಂದೆರಡು ಸಣ್ಣ ಏರು, ಒಂದು ಹಳ್ಳ, ಉಳಿದದ್ದು ಸಮತಟ್ಟು. ವಯಸ್ಸಾದವರು ನಿಧಾನವಾಗಿ ನಡೆದೇ ಮುಗಿಸಬಹುದಾದ ಸುತ್ತು. ಸಿಬ್ಬಂದಿಯನ್ನು ಕೇಳಿ, ಅನುಮತಿ ಪಡೆದು, ಹೆಸರು ಬರೆಸಿಯೇ ನಾನು ಒಳಗೆ ಹೋಗುವುದು. ಮೀಸಲು ಅರಣ್ಯದೊಳಗೆ ಹೇಳದೆ ಕೇಳದೆ ಕಾಲಿಡುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಕಾನೂನಿಗೆ ಹೆದರಿ ಅಂತಲ್ಲ; ಒಳಗೆ ಹೋದವನು ಎಷ್ಟು ಹೊತ್ತಿಗೆ ಹೊರಗೆ ಬರಬೇಕು ಎನ್ನುವುದು ಹೊರಗಿರುವ ಒಬ್ಬರಿಗಾದರೂ ಗೊತ್ತಿರಬೇಕು.

ಟ್ರೇಲ್ ರನ್ನಿಂಗ್ ಎಂದ ಕೂಡಲೇ ಈಗಿನ ಹುಡುಗರ ಕಣ್ಣಮುಂದೆ ಬರುವುದು ದೊಡ್ಡ ದೊಡ್ಡ ಸ್ಪರ್ಧೆಗಳು. ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್ ಮೂರೂ ದೇಶಗಳ ನೆಲ ತುಳಿದು ಮಾಂಟ್ ಬ್ಲಾಂಕ್ ಪರ್ವತವನ್ನು ಸುತ್ತುವ ಓಟ 2003ರಲ್ಲಿ ಶುರುವಾಯಿತು. ಸುಮಾರು 170 ಕಿಲೋಮೀಟರ್, ರಾತ್ರಿಯೂ ಓಡಬೇಕು. ನಮ್ಮಲ್ಲೇ ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ಮಲ್ನಾಡ್ ಅಲ್ಟ್ರಾ ನಡೆಯುತ್ತದೆ. ಅದಕ್ಕೆ ತಯಾರಾಗುವವರನ್ನು ಕಂಡರೆ ನನಗೆ ಗೌರವವಿದೆ. ಆದರೆ ಸುಲಭದ ಸುತ್ತು ಎನ್ನುವುದು ಕಲಿಯುವವರಿಗೆ ಮಾತ್ರ, ಕಲಿತ ಮೇಲೆ ಬಿಟ್ಟು ಮುಂದೆ ಹೋಗಬೇಕು ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಕಷ್ಟದ ದಾರಿಯಲ್ಲಿ ಓಡುವವನ ಗಮನವೆಲ್ಲ ತನ್ನ ಉಸಿರು, ತನ್ನ ಕಾಲು, ತನ್ನ ನೀರಿನ ಬಾಟಲಿ ಇವುಗಳ ಮೇಲೇ ಇರುತ್ತದೆ, ಇರಲೇಬೇಕು. ಸುಲಭದ ದಾರಿಯಲ್ಲಿ ಮಾತ್ರ ಕಾಡನ್ನು ನೋಡಲು ಬಿಡುವು ಸಿಗುತ್ತದೆ. ಒಂದೇ ಸುತ್ತನ್ನು ಎಲ್ಲ ಕಾಲದಲ್ಲೂ ಓಡಿದಾಗ ಯಾವುದು ಬದಲಾಯಿತು, ಯಾವುದು ಇದ್ದ ಹಾಗೇ ಇದೆ ಎನ್ನುವುದು ಗೊತ್ತಾಗುತ್ತದೆ. ನನಗೆ ಓಟದಿಂದ ಬಂದ ತಿಳಿವಳಿಕೆಯೆಲ್ಲ ಈ ಒಂದು ಸುತ್ತಿನಿಂದಲೇ ಬಂದದ್ದು.

ಮೊದಲು ಕಾಲಿನ ವಿಷಯ ಹೇಳುತ್ತೇನೆ. ದುರ್ಗದ ಕಡೆಯ ಬೆಟ್ಟಗಳು ಕಗ್ಗಲ್ಲಿನವು. ಆ ಕಲ್ಲು ಸವೆದು ಉದುರಿದ ಗರಸು ದಾರಿಯ ಮೇಲೆ ತೆಳುವಾಗಿ ಹಾಸಿಕೊಂಡಿರುತ್ತದೆ. ಇಳಿಜಾರಿನಲ್ಲಿ ಅದರ ಮೇಲೆ ಹೆಜ್ಜೆ ಹಾಕಿದರೆ ರಾಗಿ ಚೆಲ್ಲಿದ ಕಣದ ಮೇಲೆ ಕಾಲಿಟ್ಟ ಹಾಗೆ. ರಸ್ತೆ ಓಟದವರ ಉದ್ದನೆಯ ಹೆಜ್ಜೆ ಇಲ್ಲಿ ನಡೆಯುವುದಿಲ್ಲ. ಹೆಜ್ಜೆ ಗಿಡ್ಡ ಇರಬೇಕು, ಪಾದ ಮೈಯ ಕೆಳಗೇ ಬೀಳಬೇಕು, ಮುಂದಕ್ಕೆ ಚಾಚಿ ಹಿಮ್ಮಡಿ ಊರಬಾರದು. ಇಳಿಯುವಾಗ ಭಯದಿಂದ ಹಿಂದಕ್ಕೆ ವಾಲಿದಷ್ಟೂ ಜಾರುತ್ತದೆ. ಮೊಣಕಾಲು ಸ್ವಲ್ಪ ಮಡಿಸಿ, ಕೈ ಅಗಲಿಸಿ, ಬೇಗ ಬೇಗ ಸಣ್ಣ ಹೆಜ್ಜೆಯಲ್ಲಿ ಇಳಿದರೆ ಜಾರಿದರೂ ಮುಂದಿನ ಹೆಜ್ಜೆ ಹಿಡಿದುಕೊಳ್ಳುತ್ತದೆ. ಕಣ್ಣು ಪಾದದ ಮೇಲಲ್ಲ, ಮೂರು ನಾಲ್ಕು ಮಾರು ಮುಂದೆ ಇರಬೇಕು. ಅಲ್ಲಿ ಕಂಡ ಬೇರು, ಕಲ್ಲು ನಾವು ಅಲ್ಲಿಗೆ ತಲುಪುವ ಹೊತ್ತಿಗೆ ಕಾಲಿಗೆ ತಿಳಿದಿರುತ್ತದೆ. ಏರು ಬಂದರೆ ನಡೆಯುವುದು. ದೊಡ್ಡ ದೊಡ್ಡ ಬೆಟ್ಟದ ಓಟಗಾರರೂ ಕಡಿದಾದ ಏರನ್ನು ನಡೆದೇ ಹತ್ತುತ್ತಾರೆ. ಅದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ.

ಕೈಗಡಿಯಾರ ತೋರಿಸುವ ವೇಗಕ್ಕೆ ಕಾಡಿನಲ್ಲಿ ಅರ್ಥವಿಲ್ಲ. ರಸ್ತೆಯಲ್ಲಿ ಒಂದು ಕಿಲೋಮೀಟರಿಗೆ ಆರು ನಿಮಿಷ ತೆಗೆದುಕೊಳ್ಳುವವನಿಗೆ ಇಲ್ಲಿ ಎಂಟೋ ಒಂಬತ್ತೋ ಆದರೂ ಅದೇ ಶ್ರಮ. ಜೊತೆಗೆ ಬಂದವರ ಹತ್ತಿರ ಏದುಸಿರಿಲ್ಲದೆ ಒಂದು ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದ್ದರೆ ವೇಗ ಸರಿಯಿದೆ, ಅಷ್ಟೇ ಲೆಕ್ಕ. ಡಾಂಬರಿನ ಮೇಲೆ ಪ್ರತಿ ಹೆಜ್ಜೆಯೂ ಒಂದೇ ಥರ ಬೀಳುವುದರಿಂದ ಅದೇ ಕೀಲಿಗೆ ಅದೇ ಏಟು. ಮಣ್ಣುದಾರಿಯಲ್ಲಿ ಎರಡು ಹೆಜ್ಜೆ ಒಂದೇ ಥರ ಬೀಳುವುದಿಲ್ಲ. ನನ್ನ ಮೊಣಕಾಲಿನ ನೋವು ಹೋಯಿತು, ಆದರೆ ಮೊದಮೊದಲು ಪಾದದ ಗೆಣ್ಣು ಬಹಳ ದಣಿಯುತ್ತಿತ್ತು. ಹಲ್ಲುಜ್ಜುವಾಗ ಒಂಟಿ ಕಾಲಿನಲ್ಲಿ ನಿಲ್ಲುವ ಅಭ್ಯಾಸ ಮಾಡಿಕೊಂಡ ಮೇಲೆ ಅದೂ ಗಟ್ಟಿಯಾಯಿತು. ಹೊಸಬರಿಗೆ ನಾನು ಮೊದಲು ಹೇಳುವುದು ಇದನ್ನೇ, ಬೂಟಿನ ಬ್ರಾಂಡನ್ನಲ್ಲ.

ಆದರೆ ಈ ಸುತ್ತು ನನಗೆ ಕಲಿಸಿದ ದೊಡ್ಡ ವಿಷಯ ಓಡುವುದಕ್ಕೆ ಸೇರಿದ್ದಲ್ಲ, ನಿಲ್ಲುವುದಕ್ಕೆ ಸೇರಿದ್ದು. ಅದನ್ನು ಹೇಳಿಕೊಟ್ಟವರು ಆ ಕಾಡಂಚಿನ ಹಳ್ಳಿಯ ಒಬ್ಬ ಹಿರಿಯರು. ಬೇಸಿಗೆಯಲ್ಲಿ ಬೆಂಕಿ ಕಾಯುವ ವಾಚರ್ ಕೆಲಸ ಮಾಡುತ್ತಿದ್ದರು. ಒಂದು ಬೆಳಿಗ್ಗೆ ನನ್ನ ಜೊತೆ ಸ್ವಲ್ಪ ದೂರ ನಡೆದು ಬಂದರು. ಬಿದಿರುಮೆಳೆಯ ತಿರುವು ಬರುತ್ತಿದ್ದಂತೆ ನನ್ನ ತೋಳು ಹಿಡಿದು ನಿಲ್ಲಿಸಿದರು.

‘ಸೋಮಿ, ತಿರುವು ಬಂದ್ರೆ ಓಡ್ಬ್ಯಾಡಿ. ನಿಂತ್ಕಳಿ. ಕೆಮ್ಮಿ. ಕಿವಿ ಕೊಟ್ಟು ಕೇಳಿ. ಆಮ್ಯಾಕೆ ವೋಗಿ.’

‘ಯಾಕಜ್ಜಾ, ಏನಾದ್ರೂ ಇದೆಯಾ?’ ಎಂದೆ.

‘ಇದ್ರೂ ಇರ್ಬೌದು, ಇಲ್ದೇನೂ ಇರ್ಬೌದು. ಅದ್ಕೂ ನಾವು ಬತ್ತಾ ಇದೀವಿ ಅಂತ ಗೊತ್ತಾಗ್ಬೇಕಲ್ವಾ? ಬಾಗ್ಲು ತಟ್ದಲೆ ಯಾರಾನಾ ಮನೆ ಒಳಿಕ್ಕೆ ನುಗ್ತಾರಾ?’

ಅಂದಿನಿಂದ ಆ ಸುತ್ತಿನ ಪ್ರತಿ ಕುರುಡು ತಿರುವಿನಲ್ಲೂ ನಿಲ್ಲುತ್ತೇನೆ. ಚಪ್ಪಾಳೆ ತಟ್ಟುತ್ತೇನೆ, ಇಲ್ಲವೇ ಜೊತೆಯವರ ಹತ್ತಿರ ಗಟ್ಟಿಯಾಗಿ ಏನಾದರೂ ಮಾತಾಡುತ್ತೇನೆ. ಇದು ಬರೀ ನಂಬಿಕೆಯ ಮಾತಲ್ಲ. ನಮ್ಮ ಕಾಡಿನಲ್ಲಿ ಕರಡಿಯಿದೆ. ಕರಡಿಗೆ ಮೂಗು ಚುರುಕು, ಕಣ್ಣು ಕಿವಿ ಅಷ್ಟಕ್ಕಷ್ಟೇ. ತಲೆಯನ್ನು ಹುತ್ತದೊಳಗೆ ಇಟ್ಟು ಗೆದ್ದಲು ಹೀರುತ್ತಿರುವಾಗ ಹತ್ತಿರ ಬಂದದ್ದು ಅದಕ್ಕೆ ತಿಳಿಯುವುದೇ ಇಲ್ಲ. ತಲೆ ಎತ್ತಿದಾಗ ಎದುರಿಗೆ ಮನುಷ್ಯ ನಿಂತಿದ್ದರೆ ಗಾಬರಿಗೆ ಮೇಲೆ ಬೀಳುತ್ತದೆ. ಕರಡಿ ದಾಳಿಗಳಲ್ಲಿ ಬಹಳಷ್ಟು ಹೀಗೆ ಹಠಾತ್ತಾಗಿ ಎದುರಾದಾಗ ಆಗುವಂಥವು. ಹೆಜ್ಜೆ ಸದ್ದಿಲ್ಲದೆ ವೇಗವಾಗಿ ಬರುವ ಓಟಗಾರ ಅದಕ್ಕೆ ಅತಿ ಕೆಟ್ಟ ಅತಿಥಿ.

ಒಮ್ಮೆ ಹಳ್ಳ ದಾಟಿ ಸ್ವಲ್ಪ ಮುಂದಕ್ಕೆ ದಾರಿಯ ಪಕ್ಕದ ಹುತ್ತ ಒಡೆದಿತ್ತು. ಹತ್ತಿರ ಹೋಗದೆ ನಿಂತಲ್ಲಿಂದಲೇ ನೋಡಿದೆ. ಹುತ್ತದ ಹೊರಮೈ ಬಿಸಿಲಿಗೆ ಬಿಳಿಚಿತ್ತು, ಒಡೆದ ಜಾಗದ ಮಣ್ಣು ಮಾತ್ರ ಕಡುಕೆಂಪಾಗಿ ಇನ್ನೂ ಹಸಿಯಾಗಿತ್ತು. ಉಗುರು ಎಳೆದ ಗೆರೆಗಳು ಒಂದರ ಪಕ್ಕ ಒಂದು, ಒಂದೇ ಅಂತರದಲ್ಲಿ, ಮೇಲಿನಿಂದ ಕೆಳಕ್ಕೆ ಇಳಿದಿದ್ದವು. ಬುಡದಲ್ಲಿ ರಾಶಿ ಬಿದ್ದ ಹೆಂಟೆಗಳ ಮೇಲೆ ಗೆದ್ದಲು ದಿಕ್ಕು ತಪ್ಪಿ ಓಡಾಡುತ್ತಿದ್ದವು. ಒಂದಷ್ಟು ಆಗಲೇ ಗೂಡಿನ ಬಾಯಿಗೆ ಹಸಿ ಮಣ್ಣು ಮೆತ್ತಲು ಶುರುಮಾಡಿದ್ದವು. ದಾರಿಯ ಮೇಲೆ ಎಲಚಿ ಬೀಜ ತುಂಬಿದ ಲದ್ದಿ. ಗೆದ್ದಲಿಗೆ ಬಿಸಿಲು ಆಗುವುದಿಲ್ಲ; ಅವು ಇನ್ನೂ ಹೊರಗೇ ಇದ್ದವು ಎಂದರೆ ಹುತ್ತ ಅಗೆದವರು ಹೋಗಿ ಬಹಳ ಹೊತ್ತಾಗಿರಲಿಲ್ಲ. ಬಂದ ದಾರಿಯಲ್ಲೇ, ಓಡದೆ, ಮಾತಾಡಿಕೊಂಡು ಹಿಂದಕ್ಕೆ ನಡೆದುಬಿಟ್ಟೆವು. ಆ ದಿನದ ಸುತ್ತು ಅರ್ಧಕ್ಕೇ ನಿಂತಿತು. ನನ್ನ ಓಟದ ಒಳ್ಳೆಯ ಬೆಳಗುಗಳಲ್ಲಿ ಅದನ್ನೂ ಸೇರಿಸುತ್ತೇನೆ.

ಚಿರತೆಯ ಮಾತು ಬೇರೆ. 2019ರ ಕೊನೆಯಲ್ಲೂ 2020ರ ಮೊದಲ ತಿಂಗಳುಗಳಲ್ಲೂ ನಮ್ಮ ಕುಣಿಗಲ್, ಗುಬ್ಬಿ, ತುಮಕೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ಚಿರತೆ ದಾಳಿಗೆ ಜನ ಸತ್ತರು. ಅವರಲ್ಲಿ ಸಣ್ಣ ಮಕ್ಕಳೂ ಇದ್ದರು. ಹೆಬ್ಬೂರು ಕಡೆಯ ಊರುಗಳಲ್ಲಿ ಸಂಜೆಯಾದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅಮೃತೂರಿನಿಂದ ಅಮ್ಮ ದಿನಾ ಫೋನು ಮಾಡಿ ‘ಕತ್ತಲಲ್ಲಿ ಆಚೆ ಹೋಗಬೇಡ ಕಣಪ್ಪಾ’ ಎನ್ನುತ್ತಿದ್ದಳು. ಆ ತಿಂಗಳುಗಳಲ್ಲಿ ನಾನು ಕಾಡಿನ ಕಡೆ ಹೋಗಲಿಲ್ಲ. ದನಕರು ಕಾಯುವವರೇ ಹೊಲಕ್ಕೆ ಹೋಗಲು ಹೆದರುತ್ತಿರುವಾಗ ನಾನು ಖುಷಿಗೆ ಓಡಲು ಹೋಗುವುದು ನನಗೆ ಸರಿ ಕಾಣಲಿಲ್ಲ. ಆ ಸಾವುಗಳು ನಡೆದದ್ದು ದಟ್ಟ ಕಾಡಿನ ನಡುವೆಯೂ ಅಲ್ಲ, ಊರಿನ ಪಕ್ಕದ ಹೊಲ, ತೋಟ, ಪೊದೆಗಳ ಆಸುಪಾಸಿನಲ್ಲಿ. ಹಾಗಾಗಿ ಕಾಡುದಾರಿ ಬಿಟ್ಟು ಊರಾಚೆಯ ನಾಲೆ ಏರಿಯಲ್ಲಿ ಓಡುವವರಿಗೂ ಈ ಮಾತು ಅನ್ವಯಿಸುತ್ತದೆ.

ಚಿರತೆ ಹೆಚ್ಚಾಗಿ ಸಂಜೆಯಿಂದ ಬೆಳಗಿನ ಜಾವದವರೆಗೆ ಓಡಾಡುವ ಪ್ರಾಣಿ. ನಗರದ ಓಟಗಾರರಿಗೆ ಐದು ಗಂಟೆಗೇ ಎದ್ದು ಕತ್ತಲಲ್ಲಿ ಶುರುಮಾಡುವುದು ರೂಢಿ. ಕಾಡಿಗೆ ಆ ರೂಢಿ ತರಬಾರದು. ಬಿಸಿಲು ದಾರಿಯ ಮೇಲೆ ಬಿದ್ದ ಮೇಲೆಯೇ ನಾನು ಹೊರಡುವುದು. ಸಂಜೆ ಓಟ ಇಲ್ಲವೇ ಇಲ್ಲ. ಒಬ್ಬನೇ ಹೋಗುವುದಿಲ್ಲ. ಕಿವಿಗೆ ಇಯರ್‌ಫೋನ್ ಹಾಕುವುದಿಲ್ಲ. ಜಿಂಕೆಯೋ ಕೋತಿಯೋ ನವಿಲೋ ಒಂದೇ ಸಮನೆ ಎಚ್ಚರಿಕೆಯ ಕೂಗು ಹಾಕುತ್ತಿದ್ದರೆ ಅಲ್ಲಿಗೆ ನಿಲ್ಲಿಸಿ ವಾಪಸು. ಎದುರಿಗೇ ಕಂಡರೆ ಬೆನ್ನು ತಿರುಗಿಸಿ ಓಡಬಾರದು, ಕೂರಬಾರದು, ಬಗ್ಗಬಾರದು. ಓಡುವುದನ್ನು ಅಟ್ಟಿಸಿಕೊಂಡು ಹೋಗುವುದು ಬೆಕ್ಕಿನ ಜಾತಿಯ ಹುಟ್ಟುಗುಣ. ಮೈ ದೊಡ್ಡದಾಗಿ ಕಾಣುವಂತೆ ಕೈ ಎತ್ತಿ, ಗಟ್ಟಿ ದನಿಯಲ್ಲಿ ಮಾತಾಡುತ್ತಾ, ಮುಖ ಅದರ ಕಡೆಗೇ ಇಟ್ಟು ಹಿಂದೆ ಸರಿಯಬೇಕು. ಓಡುವುದನ್ನೇ ಅಭ್ಯಾಸ ಮಾಡಿದವನಿಗೆ ಇದು ಸುಲಭವಲ್ಲ. ಅದಕ್ಕೇ ತಿರುವು ತಿರುವಿಗೂ ನಿಲ್ಲುವ ಅಭ್ಯಾಸವನ್ನು ನಾನು ಅಷ್ಟು ಮುಖ್ಯ ಎನ್ನುವುದು. ಅಪಾಯ ಬಂದಾಗ ಕಾಲು ಯೋಚಿಸುವುದಿಲ್ಲ, ರೂಢಿಯಾದದ್ದನ್ನು ಮಾಡುತ್ತದೆ.

ಒಂದೇ ಸುತ್ತನ್ನು ವರ್ಷವಿಡೀ ಓಡಿದರೆ ಕಾಲಮಾನ ಮೈಗೆ ಹತ್ತುತ್ತದೆ. ಸಂಕ್ರಾಂತಿ ಕಳೆದ ಮೇಲೆ ಎಲೆ ಉದುರಲು ಶುರು. ಮೊದಲು ತರಗೆಲೆಯ ಹಾಸು ಗರಸನ್ನು ಮುಚ್ಚುತ್ತದೆ, ಆಗ ಕಲ್ಲು ಕಾಣದೆ ಕಾಲು ಹೊರಳುವ ಸಂಭವ ಹೆಚ್ಚು. ಶಿವರಾತ್ರಿಯ ಹೊತ್ತಿಗೆ ಮುತ್ತುಗದ ಮರದಲ್ಲಿ ಎಲೆಯೇ ಇರುವುದಿಲ್ಲ, ಬರೀ ಕೇಸರಿ ಹೂವು. ಕಾಡು ಬೋಳಾದಾಗಲೇ ನನಗೆ ಅಲ್ಲಿನ ನೆಲದ ಏರಿಳಿತ ಅರ್ಥವಾದದ್ದು: ಯಾವ ಬಂಡೆಯಿಂದ ನೀರು ಯಾವ ಕೊರಕಲಿಗೆ ಇಳಿಯುತ್ತದೆ, ಹಳ್ಳ ಯಾಕೆ ಅಲ್ಲೇ ತಿರುಗಿದೆ. ಏಪ್ರಿಲ್, ಮೇನಲ್ಲಿ ಕಕ್ಕೆ ಹಳದಿಯಾಗುತ್ತದೆ. ಮೊದಲ ಮಳೆಗೆ ಮಣ್ಣಿನಿಂದ ಎದ್ದು ಬರುವ ಕೆಂಪು ಮಖಮಲ್ಲಿನಂಥ ಪುಟ್ಟ ಹುಳುಗಳು ದಾರಿಯ ಮೇಲೆ ಓಡಾಡುತ್ತವೆ. ಅವತ್ತು ಓಡದೆ ನಡೆಯುವುದೇ ಲೇಸು. ನಮ್ಮ ಕಡೆ ದೊಡ್ಡ ಮಳೆ ಬರುವುದು ಆಗಸ್ಟ್ ಕಳೆದ ಮೇಲೆ, ಉತ್ತರೆ, ಹಸ್ತ, ಚಿತ್ತೆಯಲ್ಲಿ. ಆಗ ಹಳ್ಳ ಹರಿಯುತ್ತದೆ, ಜೇಡ ದಾರಿಗೆ ಅಡ್ಡಲಾಗಿ ಆಳೆತ್ತರದ ಬಲೆ ಕಟ್ಟುತ್ತದೆ. ಮುಂದೆ ಓಡುವವರು ಒಂದು ಕಡ್ಡಿ ಹಿಡಿದುಕೊಂಡು, ಬಲೆ ಕಂಡಲ್ಲಿ ಬಗ್ಗಿ ಹೋಗುವುದು ನಮ್ಮ ಗುಂಪಿನ ನಿಯಮ.

ಮಳೆ ನಿಂತ ಮೇಲೆ ಹುಲ್ಲಿನಲ್ಲಿ ಉಣ್ಣೆಯ ಕಾಟ. ಮೊಣಕಾಲಿನವರೆಗಿನ ಕಾಲುಚೀಲ ಹಾಕಿ, ದಾರಿ ಬಿಟ್ಟು ಹುಲ್ಲಿಗೆ ಇಳಿಯದೆ ಓಡಿ, ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ತೊಡೆಸಂದು, ಕಂಕುಳು, ಕಿವಿಯ ಹಿಂದೆ ನೋಡಿಕೊಳ್ಳಬೇಕು. ಕಚ್ಚಿಕೊಂಡಿದ್ದರೆ ಚಿಮಟದಲ್ಲಿ ಚರ್ಮದ ಹತ್ತಿರಕ್ಕೇ ಹಿಡಿದು ನೇರ ಎಳೆಯಬೇಕು, ಹಿಸುಕಬಾರದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣ್ಣೆಯಿಂದಲೇ. ಮಲೆನಾಡಿನ ಕಾಡುಗಳಲ್ಲಿ ಓಡುವವರು ಅಲ್ಲಿನ ಆರೋಗ್ಯ ಇಲಾಖೆಯ ಸೂಚನೆ ಕೇಳದೆ ಒಳಗೆ ಹೋಗಲೇಬಾರದು.

ಹಕ್ಕಿ ನೋಡುವವರಿಗೆ ದೇವರಾಯನದುರ್ಗ ಗೊತ್ತಿರುವುದು ಹಳದಿ ಕೊರಳಿನ ಪಿಕಳಾರದಿಂದ. ದಕ್ಷಿಣ ಭಾರತದ ಬಂಡೆಗುಡ್ಡಗಳ ಕುರುಚಲು ಕಾಡು ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಅದಿಲ್ಲ. ಅಳಿವಿನ ಅಪಾಯವಿರುವ ಹಕ್ಕಿಗಳ ಪಟ್ಟಿಯಲ್ಲಿದೆ. ಕ್ಯಾಮೆರಾ ಹೊತ್ತು ದೂರದ ಊರುಗಳಿಂದ ಅದನ್ನು ಹುಡುಕಿಕೊಂಡು ಬರುತ್ತಾರೆ. ನಾನು ಮೊದಲ ಸಲ ಅದನ್ನು ಕಂಡದ್ದು ಏರು ಹತ್ತುತ್ತಾ ನಡೆಯುತ್ತಿದ್ದಾಗ. ಬಂಡೆಯ ಸಂದಿನ ಪೊದೆಯಿಂದ ಹಾರಿ ಮುಂದಿನ ಕೊಂಬೆಗೆ ಕೂತಿತು, ಕೊರಳ ಹಳದಿ ಬಿಸಿಲಿಗೆ ಹೊಳೆಯಿತು, ಮರುಕ್ಷಣ ಇಲ್ಲ. ಓಡುತ್ತಿದ್ದರೆ ಕಾಣುತ್ತಿರಲಿಲ್ಲ. ಬಂಡೆಗುಡ್ಡ ಎಂದರೆ ಜಲ್ಲಿಕಲ್ಲು, ಕುರುಚಲು ಎಂದರೆ ಪಾಳುಭೂಮಿ ಎಂದುಕೊಂಡಿರುವ ನಮ್ಮ ಜಿಲ್ಲೆಯಲ್ಲಿ ಇಂಥದ್ದೊಂದು ಹಕ್ಕಿ ಬದುಕಿರುವುದೇ ಆ ಕುರುಚಲಿನಿಂದ. ಮಕ್ಕಳಿಗೆ ಇದನ್ನು ಶಾಲೆಯಲ್ಲಿ ಹೇಳಿಕೊಡಬೇಕು.

ಈಚಿನ ವರ್ಷಗಳಲ್ಲಿ ನನ್ನ ಅಕ್ಕನ ಮಕ್ಕಳು, ಅವರ ಗೆಳೆಯರು ರಜೆಗೆ ಬಂದಾಗ ಜೊತೆಗೆ ಬರುತ್ತಾರೆ. ಹೊರಡುವ ಮೊದಲು ರಾಗಿ ಗಂಜಿಯೋ ಎರಡು ಬಾಳೆಹಣ್ಣೋ, ಜೇಬಿನಲ್ಲಿ ಕಡಲೆಮಿಠಾಯಿ, ಒಬ್ಬೊಬ್ಬರಿಗೂ ಅರ್ಧ ಲೀಟರ್ ನೀರು. ಹುಡುಗರು ಮೊದಲು ಗಡಿಯಾರ ನೋಡುತ್ತಾ ಓಡುತ್ತಾರೆ, ಎರಡನೇ ಸಲಕ್ಕೆ ‘ಮಾಮ, ಆ ಹುತ್ತ ಎಲ್ಲಿ ತೋರ್ಸು’ ಎನ್ನುತ್ತಾರೆ. ಮುಗಿಸಿಕೊಂಡು ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿನ್ನದಿದ್ದರೆ ಅವರ ಲೆಕ್ಕದಲ್ಲಿ ಓಟ ಪೂರ್ತಿಯಾಗುವುದಿಲ್ಲ.

ಮನಸ್ಸಿಗೆ ಬೇಸರವಾಗುವುದು ವಾರಾಂತ್ಯದಲ್ಲಿ. ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ ಕೋತಿಗಳಿಗೆ ಚಿಪ್ಸು, ಬಿಸ್ಕತ್ತು ಎಸೆಯುತ್ತಾರೆ. ಅದರ ರುಚಿ ಹತ್ತಿದ ಕೋತಿ ಕಾಡಿನ ಹಣ್ಣು ಬಿಟ್ಟು ರಸ್ತೆಗೆ ಬಂದು ಗಾಡಿಗೆ ಸಿಕ್ಕಿ ಸಾಯುತ್ತದೆ, ಇಲ್ಲವೇ ಮಕ್ಕಳ ಕೈಯಿಂದ ಕಿತ್ತುಕೊಳ್ಳಲು ಹೋಗಿ ಕಚ್ಚುತ್ತದೆ. ಪೊದೆಗಳ ಬುಡದಲ್ಲಿ ಒಡೆದ ಬಾಟಲಿಗಳು. ಗುಂಪಾಗಿ ಓಡಲು ಬರುವವರಲ್ಲೂ ಸ್ಪೀಕರಿನಲ್ಲಿ ಹಾಡು ಹಾಕಿಕೊಂಡು ಬರುವವರಿದ್ದಾರೆ. ಓಡುವವರಿಗೆ ಕಾಡಿನ ಬಾಗಿಲು ತೆರೆದಿರಬೇಕಾದರೆ ನಾವು ಅಲ್ಲಿ ಇರುವ ರೀತಿ ಸರಿಯಿರಬೇಕು. ಗುಂಪು ಎಂಟು ಹತ್ತು ಜನಕ್ಕಿಂತ ಹೆಚ್ಚಾಗಬಾರದು, ತಂದ ಕಸ ವಾಪಸು ಒಯ್ಯಬೇಕು, ದಾರಿಯ ತಿರುವು ಉಳಿಸಲೆಂದು ಅಡ್ಡದಾರಿ ತುಳಿಯಬಾರದು. ತುಳಿದ ಅಡ್ಡದಾರಿಯಲ್ಲೇ ಮಳೆನೀರು ನುಗ್ಗಿ ಕೊರಕಲಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ಭಯ ಬೆಂಕಿಯದು. ಫೆಬ್ರವರಿಯಿಂದ ಮೇ ತನಕ ಇಲಾಖೆಯವರು ಬೆಂಕಿ ರೇಖೆ ಕಡಿದು, ವಾಚರುಗಳನ್ನು ನಿಲ್ಲಿಸಿ ಕಾಯುತ್ತಾರೆ. ಹಾಗಿದ್ದರೂ ಒಂದು ಬೀಡಿ ತುಂಡು ಸಾಕು. ಸುಟ್ಟ ಇಳಿಜಾರಿನ ಮೇಲೆ ಹುಲ್ಲಿರುವುದಿಲ್ಲ, ಮೊದಲ ಮಳೆಗೇ ಬೂದಿ ಮಣ್ಣು ಎಲ್ಲ ಕೊಚ್ಚಿಕೊಂಡು ಹಳ್ಳಕ್ಕೆ ಇಳಿಯುತ್ತದೆ. ಇಲ್ಲಿ ತೊಳೆದುಹೋದ ಮಣ್ಣು ಹಳ್ಳ ಹಿಡಿದು ಕೆಳಗಿನ ಕೆರೆಗಳಲ್ಲಿ ಹೂಳಾಗಿ ಕೂರುತ್ತದೆ. ಬೇಸಿಗೆಯಲ್ಲಿ ದೇವರಾಯನದುರ್ಗದ ಕಡೆ ನಡೆಯಲೋ ಓಡಲೋ ದೇವರ ದರ್ಶನಕ್ಕೋ ಹೋಗುವವರೆಲ್ಲರಲ್ಲಿ ನನ್ನ ಕೋರಿಕೆ ಇಷ್ಟೇ: ಬೆಂಕಿಪೊಟ್ಟಣ, ಬೀಡಿ, ಸಿಗರೇಟು ಕಾಡಿನೊಳಕ್ಕೆ ಒಯ್ಯಬೇಡಿ, ಅಡುಗೆ ಮಾಡಬೇಡಿ. ಎಲ್ಲಾದರೂ ಹೊಗೆ ಕಂಡರೆ ಫೋಟೋ ತೆಗೆಯುತ್ತಾ ನಿಲ್ಲದೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನು ಮಾಡಿ, ಹತ್ತಿರದ ಸಿಬ್ಬಂದಿಗೆ ಜಾಗ ಹೇಳಿ.